ಎನ್ರಿಕೇತಾಳ ಕನ್ನಡ

೮ ಜೂನ್, ಭಾನುವಾರ

ನನ್ನ ಧ್ವನಿ ಟೀವಿಯಲ್ಲಿ ಬರಲಿದೆ. ಈ ಒಂದು ವಾಕ್ಯ ಬರೆಯುವುದಕ್ಕೆಂದೇ ಎರಡು ವರ್ಷದಿಂದ ಖಾಲಿ ಬಿದ್ದಿದ್ದ ಡೈರಿಯನ್ನು ಹುಡುಕಿ ತೆಗೆದೆ. ಕುಣಿದಾಡಬೇಕಿತ್ತು. ಅದನ್ನು ಬಿಟ್ಟು ಮೋರೆ ಊದಿಸಿಕೊಂಡು ಕೂತಿದ್ದೇನೆ.

ಗೋಕಾಕದಲ್ಲಿ ಬಾಳೇಶನದೊಂದು ರೆಕಾರ್ಡಿಂಗ್ ಸ್ಟುಡಿಯೋ ಇದೆ. ಸ್ಟುಡಿಯೋ ಅಂದರೆ ಸೈಕಲ್ ಅಂಗಡಿಯ ಮೇಲಿನ ಒಂದು ಖೋಲಿ, ಸದ್ದು ಬರಬಾರದೆಂದು ಗೋಡೆಗೆಲ್ಲ ಹಳೆಯ ಗಾದಿ ಬಡಿದಿದ್ದಾನೆ. ಡೊಳ್ಳಿನ ಪದ, ಸೀರೆ ಅಂಗಡಿಯ ಜಾಹೀರಾತು, ಚುನಾವಣೆಯ ಹಾಡು ಎಲ್ಲ ಅಲ್ಲೇ ತಯಾರಾಗುತ್ತವೆ. ಬೆಂಗಳೂರಿನ ಒಂದು ಡಬ್ಬಿಂಗ್ ಕಂಪನಿ ಅಮೆರಿಕದ ಧಾರಾವಾಹಿಯನ್ನು ಕನ್ನಡಕ್ಕೆ ತರುತ್ತಿದೆ, ಅದಕ್ಕೆ ಈ ಕಡೆಯ ಒಬ್ಬ ಹೆಣ್ಣುಮಗಳ ಧ್ವನಿ ಬೇಕಂತೆ ಎಂದು ಅವನು ಫೋನ್ ಮಾಡಿದ್ದ. "ನಿಮ್ಮಂಗ ಮಾತಾಡವರು ಯಾರದಾರ ಟೀಚರ್, ಬರ್ರಿ ಒಮ್ಮೆ," ಎಂದ. ನಾನೂ ಅದೇ ಅಂದುಕೊಂಡೆ. ಮೂಡಲಗಿ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷದಿಂದ ಕನ್ನಡ ಕಲಿಸುತ್ತಿದ್ದೇನೆ. ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರು ತಾಲೂಕಿನಲ್ಲಿ ಯಾವ ಸಮಾರಂಭವಿದ್ದರೂ ನಿರೂಪಣೆಗೆ ಕಲ್ಲೋಳಿಯ ಕಸ್ತೂರಿ ಟೀಚರೇ ಬೇಕು. ಒಂದು 'ಐತಿ' ಇಲ್ಲ, ಒಂದು 'ಹೋಗಾಕ' ಇಲ್ಲ, ಥೇಟ್ ರೇಡಿಯೋ ಎಂದು ಮಂದಿ ಹೇಳುತ್ತಾರೆ. ನಾನು ಅಲ್ಲವೆಂದು ಯಾವತ್ತೂ ಹೇಳಿಲ್ಲ.

ಕಂಪ್ಯೂಟರಿನ ಪರದೆಯ ಮೇಲೆ ಬೆಂಗಳೂರಿನ ನೇತ್ರಾ ಎಂಬ ಹುಡುಗಿ ಬಂದಳು. ಡಬ್ಬಿಂಗ್ ಮಾಡಿಸುವವಳು ಅವಳೇ, ವಯಸ್ಸು ಇಪ್ಪತ್ತೆಂಟಿರಬಹುದು, ನಗುಮುಖ. ನಾನು ಒಂದು ಪುಟ ಓದಿ ತೋರಿಸಿದೆ, ಹುಡುಗಿ ಕಣ್ಣರಳಿಸಿದಳು.

"ತುಂಬಾ ಚೆನ್ನಾಗಿದೆ ಮೇಡಂ. ಆದ್ರೆ ನಮಗೆ ನಿಮ್ಮ ಭಾಷೆ ಬೇಕಿತ್ತು."

"ಇದೇ ನನ್ನ ಭಾಷೆ."

"ಅಲ್ಲ ಮೇಡಂ, ನಿಮ್ಮ ಕಡೆ ಭಾಷೆ. ಐತಿ, ಗಿಯ್ತಿ, ಆ ಥರ."

ವಕೀಲೆಯ ಪಾತ್ರವಿದೆ, ಮನೆಯೊಡತಿಯ ಪಾತ್ರವಿದೆ, ಆದರೆ ಅವು ನನಗಲ್ಲ. ನನಗೆ ಇಟ್ಟಿರುವುದು ಆ ಮನೆಯ ಕೆಲಸದವಳದು. ಹೆಸರು ಎನ್ರಿಕೇತಾ. ಮೂಲದಲ್ಲಿ ಅವಳು ಸ್ಪ್ಯಾನಿಷ್ ಆಡುವ ನಾಡಿನಿಂದ ಬಂದವಳು, ಇಂಗ್ಲಿಷನ್ನು ಮುರಿದು ಮುರಿದು ಆಡುತ್ತಾಳೆ, ಜನ ನಗುತ್ತಾರೆ. ಆ ನಗು ಕನ್ನಡದಲ್ಲೂ ಬರಬೇಕಾದರೆ ನಮ್ಮ ಕಡೆಯ ಮಾತು ಇಟ್ಟರೆ ಸರಿಹೋಗುತ್ತದಂತೆ.

ಸರಿಹೋಗುತ್ತದಂತೆ! ಎದ್ದು ಬಂದುಬಿಡಬೇಕೆಂದುಕೊಂಡೆ. ಆದರೆ ಟೀವಿ. ನನ್ನ ಧ್ವನಿ, ಟೀವಿಯಲ್ಲಿ. "ಆಗಲಿ," ಎಂದುಬಿಟ್ಟೆ.

೧೫ ಜೂನ್, ಭಾನುವಾರ

ಮೊದಲ ರೆಕಾರ್ಡಿಂಗ್. ಕಿವಿಗೆ ಹೆಡ್‌ಫೋನು, ಎದುರಿಗೆ ಪರದೆ. ಅವಳ ತುಟಿ ಮುಚ್ಚಿದಾಗ ನನ್ನ ತುಟಿಯೂ ಮುಚ್ಚಬೇಕು, ತೆರೆದಾಗ ತೆರೆಯಬೇಕು. ಎನ್ರಿಕೇತಾ ಐವತ್ತರ ಹೆಂಗಸು, ಗುಂಡು ಮುಖ, ಕೊರಳಲ್ಲಿ ಶಿಲುಬೆ, ಸೊಂಟಕ್ಕೆ ಬಿಳಿ ಬಟ್ಟೆ. ಮೊದಲ ಕಂತಿನಲ್ಲೇ ಒಂದು ಬೋಗುಣಿ ಎಸೆಯುತ್ತಾಳೆ, ಎರಡು ಸಲ ಅಳುತ್ತಾಳೆ, ಒಂದು ಸಲ ಸೊಂಟ ಕುಣಿಸುತ್ತ ಕಸ ಹೊಡೆಯುತ್ತಾಳೆ. ಕಸ ಹೊಡೆಯುವಾಗ ಯಾರು ಕುಣಿಯುತ್ತಾರೆ, ನನಗಂತೂ ತಿಳಿಯಲಿಲ್ಲ.

ಬರೆದುಕೊಟ್ಟ ಮಾತು ಓದಿದರೆ ನನ್ನ ಕಿವಿಗೇ ಸುಳ್ಳು ಅನಿಸಿತು. ಏಳು ಸಲ ಓದಿಸಿದರು. ಬಾಳೇಶನೂ ತಲೆ ಕೆರೆದುಕೊಂಡ. "ಟೀಚರ್, ಸಾಲಿ ಗ್ಯಾದರಿಂಗದಾಗ ಹುಡುಗೂರು ಅಜ್ಜಿ ಪಾರ್ಟ್ ಮಾಡಿದಂಗ ಕೇಳಾಕತ್ತೈತಿ," ಎಂದ. ಸಿಟ್ಟು ಬಂತು. ಕಣ್ಣು ಮುಚ್ಚಿದೆ. ಆಗ ನನ್ನವ್ವನ ದನಿ ತಾನಾಗಿ ಬಾಯಿಗೆ ಬಂತು. ಅವ್ವ ಬಾಗಿಲಿಗೆ ಬಂದವರನ್ನು ಹೇಗೆ ಕರೆಯುತ್ತಾಳೋ ಹಾಗೆ: "ಏನ್ರಿ, ಯಾವಾಗ ಬಂದ್ರಿ? ಬರ್ರಿ, ಕುಂದರ್ರಿ. ನಿಂತ ಯಾಕ ಮಾತಾಡ್ತೀರಿ?"

"ಸೂಪರ್!" ಎಂದು ನೇತ್ರಾ ಚಪ್ಪಾಳೆ ತಟ್ಟಿದಳು. "ಆ ಕೋಪ ಹಾಗೇ ಇರ್ಲಿ ಮೇಡಂ. ಲ್ಯಾಟಿನ್ ಹೆಂಗಸರು ಅಂದ್ರೆ ಬೆಂಕಿ. ಇನ್ನೂ ಸ್ವಲ್ಪ ಖಾರ ಹಾಕಿ."

"ಕೋಪ ಎಲ್ಲಿದೆ? ನಾನು ಅತಿಥಿಯನ್ನು ಕೂಡ್ರಿಸುತ್ತಿದ್ದೇನೆ."

"ಅಂದ್ರೆ... 'ಏನ್ರೀ' ಅಂದ್ರಲ್ಲ ಮೇಡಂ?"

ಅದು ಮರ್ಯಾದೆ ಎಂದು ಹೇಳಿದೆ. ನಮ್ಮಲ್ಲಿ 'ರಿ' ಹಚ್ಚದೆ ಹಿರಿಯರ ಹತ್ತಿರ ಮಾತಾಡಿದರೆ ಕಪಾಳಕ್ಕೆ ಬೀಳುತ್ತದೆ. ಅವಳ ಊರಿನಲ್ಲಿ ಯಾರಾದರೂ ಏನ್ರೀ ಎಂದರೆ ಜಗಳ ಶುರುವಾಯಿತು ಎಂದರ್ಥವಂತೆ. ಆಮೇಲೆ, "ಇರ್ಲಿ ಬಿಡಿ, ಚಿತ್ರಕ್ಕೆ ಚೆನ್ನಾಗಿ ಹೊಂದುತ್ತೆ," ಎಂದಳು. ನನ್ನವ್ವನ ಮರ್ಯಾದೆ ಎನ್ರಿಕೇತಾಳ ಸಿಟ್ಟಾಗಿ ರೆಕಾರ್ಡ್ ಆಯಿತು.

ಬಸ್ಸಿನಲ್ಲಿ ಬರುವಾಗ ಹೊಳೆಯಿತು. ಅವ್ವ ಸಂಜೆ ಆರೂವರೆಯಿಂದ ಒಂದೂ ಧಾರಾವಾಹಿ ಬಿಡುವುದಿಲ್ಲ. ಇದನ್ನೂ ನೋಡುತ್ತಾಳೆ. ತನ್ನ ಮಾತನ್ನು ಮಂದಿಯ ನಗುವಿಗೆ ಇಟ್ಟದ್ದನ್ನು ಕಾಣುತ್ತಾಳೆ, ನಗಿಸಿದವಳು ಮಗಳು ಎಂದು ತಿಳಿಯುತ್ತಾಳೆ.

೧೭ ಜೂನ್, ಮಂಗಳವಾರ

ಒಂಬತ್ತನೆಯ ತರಗತಿಯ ಸತ್ತೆವ್ವ ಇವತ್ತು ಎದ್ದು ನಿಂತು, "ಟೀಚರ್, ನನ್ನ ಪುಸ್ತಕ ಮನ್ಯಾಗ ಐತ್ರಿ," ಎಂದಳು. "ಮನೆಯಲ್ಲಿ ಇದೆ," ಎಂದೆ. "ಮನೆಯಲ್ಲಿ ಇದೆ ರೀ." "ರೀ ಬೇಡ." ಆ ಹುಡುಗಿ ಕುಳಿತವಳು ಗಂಟೆ ಮುಗಿಯುವವರೆಗೂ ಬಾಯಿ ತೆರೆಯಲಿಲ್ಲ. ಕಲಿಯುವಾಗ ಹಾಗೆಯೇ, ನಾನೂ ಹಾಗೆಯೇ ಕಲಿತದ್ದು. ಹುಕ್ಕೇರಿಯ ಡಾಕ್ಟರ ಹೆಂಡತಿ ಮೈಸೂರಿನವರು, ನನ್ನ ಒಂದೊಂದು ಮಾತನ್ನೂ ತಿದ್ದುತ್ತಿದ್ದರು. ಅವ್ವ ಅವರ ಮನೆಯಲ್ಲಿ ಇಪ್ಪತ್ತೆರಡು ವರ್ಷ ಅಡಿಗೆ, ಮುಸುರೆ ಮಾಡಿದಳು. ಅವ್ವನನ್ನು ಮಾತ್ರ ಅವರು ತಿದ್ದಲಿಲ್ಲ.

೨೨ ಜೂನ್, ಭಾನುವಾರ

ಇವತ್ತು ಮಜಾ ಆಯಿತು. ಆ ಮನೆಯಲ್ಲೊಂದು ಆರು ವರ್ಷದ ಹುಡುಗಿ ಇದೆ. ಅದನ್ನು ತೊಡೆಯ ಮೇಲೆ ಕೂಡ್ರಿಸಿಕೊಂಡು ಎನ್ರಿಕೇತಾ ಏನೋ ಅನ್ನುತ್ತಾಳೆ, ನನ್ನ ಕಾಗದದಲ್ಲಿ 'ಮಗು' ಎಂದಿದೆ. ತುಟಿ ಕೂಡಲೇ ಇಲ್ಲ. ಅವಳ ತುಟಿ ಎರಡು ಸಲ ಮುಚ್ಚುತ್ತದೆ. ಮೂಲವನ್ನು ಹಾಕಿಸಿ ಕೇಳಿದೆ. 'ಮಾಮಿ' ಅನ್ನುತ್ತಿದ್ದಾಳೆ.

"ಅದು ಅವ್ರ ಬರಹಗಾರರ ತಪ್ಪು ಮೇಡಂ," ಎಂದಳು ನೇತ್ರಾ. "ಮಾಮಿ ಅಂದ್ರೆ ಅಮ್ಮ. ಮಗೂನ ಯಾರಾದ್ರೂ ಅಮ್ಮ ಅಂತಾರಾ? ಅದಕ್ಕೇ ನಾವು ಸರಿ ಮಾಡಿದ್ವಿ."

ಬಾಳೇಶನೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವನ ಮೂರು ವರ್ಷದ ಮಗಳನ್ನು ಮನೆಯವರೆಲ್ಲ ಏನನ್ನುತ್ತಾರೆ? "ಬಾ ನಮ್ಮವ್ವ, ಉಣ್ಣ ನಮ್ಮವ್ವ." ನಾನೂ ಹೆತ್ತವಳ ಬಾಯಲ್ಲಿ ಹನ್ನೆರಡು ವರ್ಷದವರೆಗೆ ಅವ್ವನೇ ಆಗಿದ್ದೆ. 'ನಮ್ಮವ್ವ' ಎಂದು ಹಾಕಿದೆ. ತುಟಿಗೆ ತುಟಿ ಸರಿಯಾಗಿ ಕೂಡಿತು. ಬಾಳೇಶ ಕುರ್ಚಿಯಿಂದ ಎದ್ದೇಬಿಟ್ಟ. "ಟೀಚರ್, ಆಕಿ ನಮ್ಮಾಕಿ ಅದಾಳ್ರಿ!"

ಯಾವ ಸಮುದ್ರದ ಆಚೆಗೋ ಮಗಳನ್ನು ಅವ್ವ ಎನ್ನುವ ಮಂದಿ ಇದ್ದಾರೆ. ಇಡೀ ದಿನ ಅದನ್ನೇ ನೆನೆಸಿಕೊಂಡು ನಕ್ಕೆ. ಮನೆಗೆ ಬಂದು ಗಂಡನಿಗೆ ಹೇಳಿದರೆ, "ಮತ್ತ ಅಲ್ಲೂ ಗಂಡಂದಿರಿಗೆ ಊಟಾ ತಡಾ ಆಗಿ ಬಡಸ್ತಾರೇನ?" ಎಂದು ಕೇಳಿದ. ಮಾಲಿಂಗನಿಗೆ ಹೊಟ್ಟೆಯದೇ ಚಿಂತೆ.

೨೫ ಜೂನ್, ಬುಧವಾರ

ಎನ್ರಿಕೇತಾಳ ಊರು ಯಾವುದು? ಒಂದು ಕಂತಿನಲ್ಲಿ ಮೆಕ್ಸಿಕೊ ಅಂದರು, ಇನ್ನೊಂದರಲ್ಲಿ ಕೊಲಂಬಿಯಾದ ಹಬ್ಬ ಮಾಡಿಸಿದರು. ಸಮಾಜ ವಿಜ್ಞಾನದ ದಾಕ್ಷಾಯಿಣಿ ಟೀಚರನ್ನು ಕೇಳಿದೆ. ಅವಳು ಸ್ಟಾಫ್ ರೂಮಿನಲ್ಲಿ ಅಟ್ಲಾಸ್ ಬಿಚ್ಚಿ, ಸ್ಕೇಲ್ ಇಟ್ಟು ಅಳೆದಳು. ಆ ಎರಡು ದೇಶಗಳ ನಡುವಿನ ಅಂತರ ಇಲ್ಲಿಂದ ಕಾಶ್ಮೀರಕ್ಕಿರುವುದಕ್ಕಿಂತ ಹೆಚ್ಚು. "ಯಾಕ್ರಿ, ಅಲ್ಲಿಗೆ ಟ್ರಾನ್ಸ್‌ಫರ್ ಆತೇನ?" ಎಂದಳು. ಬರೆಯುವವರಿಗೆ ಅಷ್ಟು ದೂರವೂ ಒಂದೇ ಊರಾಯಿತಲ್ಲ, ಹೇಗೆ?

೬ ಜುಲೈ, ಭಾನುವಾರ

ಎನ್ರಿಕೇತಾಳ ಪಾತ್ರ ಮಾಡಿದ ನಟಿಯ ಸಂದರ್ಶನ ಮೊಬೈಲಿನಲ್ಲಿ ಸಿಕ್ಕಿತು. ಕೆಳಗೆ ಬರುವ ಇಂಗ್ಲಿಷ್ ಅಕ್ಷರಗಳನ್ನು ನಿಲ್ಲಿಸಿ ನಿಲ್ಲಿಸಿ ಓದಿದೆ, ಮೂರು ಸಲ. ಮೊದಲು ಇವಳು ಅವಳೇ ಹೌದೋ ಅಲ್ಲವೋ ಎಂದು ಗುಮಾನಿ ಬಂತು. ಸಪೂರ ಮುಖ, ಕನ್ನಡಕ, ವಯಸ್ಸೂ ಕಡಿಮೆ; ಆ ಗುಂಡು ಮುಖ, ಐವತ್ತರ ವಯಸ್ಸು ಎಲ್ಲ ಮೇಕಪ್ಪಿನದಂತೆ. ಇಂಗ್ಲಿಷ್ ಎಂಥದ್ದೆಂದರೆ ನಮ್ಮ ಇಂಗ್ಲಿಷ್ ಟೀಚರು ಕೇಳಿದರೆ ನೋಟ್ಸ್ ಬರೆದುಕೊಳ್ಳಬೇಕು. ಹುಟ್ಟಿದ್ದು, ಬೆಳೆದದ್ದು ಅಮೆರಿಕದಲ್ಲೇ. ಕಾಲೇಜಿನಲ್ಲಿ ನಾಟಕ ಕಲಿತು, ವೇದಿಕೆಯ ಮೇಲೆ ರಾಣಿಯ ಪಾತ್ರ ಮಾಡಿದವಳು. ಆಯ್ಕೆಗೆ ಹೋದಾಗ ತನ್ನ ಮಾತಿನಲ್ಲೇ ಓದಿದಳಂತೆ. ಅವರು, ಹಾಗಲ್ಲ, ನಿಮ್ಮವರು ಆಡುವ ಹಾಗೆ ಆಡು ಎಂದರಂತೆ.

ಮೊಬೈಲನ್ನು ಕೆಳಗಿಟ್ಟು ಅಂಗಳಕ್ಕೆ ಹೋಗಿ ಬಂದೆ.

ಅವಳು ಮನೆಗೆ ಹೋಗಿ ಅಜ್ಜಿಗೆ ಫೋನ್ ಹಚ್ಚಿ ಅರ್ಧ ತಾಸು ಮಾತಾಡಿಸಿ, ಆ ಮಾತನ್ನೇ ಪಾತ್ರಕ್ಕೆ ಹಾಕಿದಳಂತೆ. ಧಾರಾವಾಹಿ ನೋಡಿ ಅಜ್ಜಿ ಏನಂದರು ಎಂದು ಸಂದರ್ಶನ ಮಾಡುವವನು ಕೇಳಿದ. ಅವಳು ನಕ್ಕಳು, ಎದುರಿಗಿದ್ದ ನೀರು ಕುಡಿದಳು, ಬೇರೆ ಮಾತು ತೆಗೆದಳು. ಏನಂದರು? ನನಗೆ ಬೇಕಾದದ್ದು ಅದೊಂದೇ ಉತ್ತರ. ಪೂರ್ತಿ ನೋಡಿದೆ, ಎಲ್ಲೂ ಹೇಳಲಿಲ್ಲ.

೧೨ ಜುಲೈ, ಶನಿವಾರ

ಹುಕ್ಕೇರಿಯಲ್ಲಿ ಒಂದು ಸನ್ಮಾನ ಸಮಾರಂಭದ ನಿರೂಪಣೆ ಇತ್ತು. ಮುಗಿಸಿಕೊಂಡು ಡಾಕ್ಟರ ಮನೆಯ ಕಡೆ ನಡೆದುಹೋದೆ. ಡಾಕ್ಟರು ತೀರಿ ಎಷ್ಟೋ ವರ್ಷವಾಯಿತು, ಮನೆಯಲ್ಲೀಗ ಹಾರ್ಡ್‌ವೇರ್ ಅಂಗಡಿ. ಹಿತ್ತಲಲ್ಲಿ ನಾನೂ ಅವ್ವನೂ ಇದ್ದ ಖೋಲಿಯ ಬಾಗಿಲು ತೆರೆದಿತ್ತು. ಒಳಗೆ ಪೈಪು ಪೇರಿಸಿದ್ದರು. ಅಂಗಡಿಯವ, "ಏನ ಬೇಕ್ರಿ ಅಕ್ಕಾರ?" ಎಂದ. ಏನೂ ಬೇಡ, ನಾವು ಇಲ್ಲೇ ಇದ್ದೆವು ಎಂದೆ. "ಈ ಖೋಲ್ಯಾಗ? ಇಬ್ಬರು ಹೆಂಗ ಮಲಗ್ತಿದ್ರಿ?" ಎಂದ. ಕಾಲು ಮಡಚಿ ಮಲಗುತ್ತಿದ್ದೆವು.

ಬರೆಯಬೇಕೋ ಬೇಡವೋ. ಬರೆಯುತ್ತೇನೆ, ಓದುವವರು ಯಾರು? ಡಾಕ್ಟರ ಮನೆಗೆ ಮೈಸೂರಿನಿಂದ ನೆಂಟರು ಬರುತ್ತಿದ್ದರು. ಊಟವಾದ ಮೇಲೆ ಅವ್ವನನ್ನು ಹೊರಗೆ ಕರೆಯುತ್ತಿದ್ದರು. ಅವಳ ಹೆಸರು ಶೆಟ್ಟೆವ್ವ, ಅವರ ಬಾಯಲ್ಲಿ ಶೆಟ್ಟಿ. "ಶೆಟ್ಟಿ, ನಿಮ್ಮೂರಲ್ಲಿ ಕುರಿ ಕಳೆದುಹೋಗಿತ್ತಲ್ಲ, ಅದನ್ನ ಹೇಳು." ಅವ್ವ ನಿಂತುಕೊಂಡು ಹೇಳುತ್ತಿದ್ದಳು. ಕಳೆದದ್ದು ಅವಳ ತವರಿನ ಹನ್ನೊಂದು ಕುರಿ, ಅವಳಪ್ಪ ಎಂಟು ದಿನ ಉಂಡಿರಲಿಲ್ಲ. "ಏನ ಹೇಳ್ಲಿರಿ, ಎಲ್ಲಾ ಹೋದುವ್ರಿ," ಎಂದು ಅವ್ವ ಅಂದರೆ ಅವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಹೋದುವ್ರೀ! ಇನ್ನೊಂದ್ಸಲ ಹೇಳು." ಅವ್ವ ಇನ್ನೊಂದು ಸಲ ಹೇಳುತ್ತಿದ್ದಳು. ನಾನು ಡಾಕ್ಟರ ಹೆಂಡತಿಯ ಕುರ್ಚಿಯ ಪಕ್ಕದಲ್ಲಿ ನಿಂತಿರುತ್ತಿದ್ದೆ. ನಾನೂ ನಗುತ್ತಿದ್ದೆ. ಒಂಬತ್ತು ವರ್ಷ ನನಗೆ, ಆದರೂ ನಕ್ಕದ್ದು ನಕ್ಕದ್ದೇ. ನೆನೆದರೆ ನಾಚಿಕೆಯಿಂದ ಸಾಯುವಂತಾಗುತ್ತದೆ.

ಈಗ ನೇತ್ರಾ "ಇನ್ನೊಂದ್ಸಲ ಹೇಳಿ ಮೇಡಂ" ಎನ್ನುತ್ತಾಳೆ. ನಾನು ಹೇಳುತ್ತೇನೆ.

೧೩ ಜುಲೈ, ಭಾನುವಾರ

ರೆಕಾರ್ಡಿಂಗಿಗೆ ರಜೆ. ಅವ್ವನಿಗೆ ಇದೆಲ್ಲ ಹೇಳಿಬಿಡೋಣವೆಂದು ಮಮದಾಪುರಕ್ಕೆ ಹೋದೆ. ಅವ್ವ ಈಗ ತನ್ನ ತಮ್ಮ ಕರೆಪ್ಪನ ಮನೆಯಲ್ಲಿದ್ದಾಳೆ. ಎಪ್ಪತ್ತೊಂದಾದರೂ ಕೈಗೆ ಕೆಲಸವಿಲ್ಲದೆ ಕೂಡ್ರುವವಳಲ್ಲ, ಉಣ್ಣೆ ಹಿಂಜುತ್ತಿದ್ದಳು. ಹೇಗೆ ಶುರು ಮಾಡಲಿ ಎಂದು ನಾನು ನೋಡುತ್ತಿರುವಾಗ ಅವಳೇ, "ನಾಳೆ ಬಿಟ್ಟ ಮುಂದಿನ ಸೋಮಾರದಿಂದ ಒಂದ ಹೊಸಾದ ಬರತೈತಂತ. ಬಿಳೀ ಮಂದಿ ಕನ್ನಡಾ ಮಾತಾಡತಾರ. ಅದರಾಗ ಒಬ್ಬಾಕಿ ಥೇಟ್ ನಮ್ಮ ಕಡ್ಯಾಕಿ. ಜಾಹೀರಾತಿನ್ಯಾಗ ತೋರಿಸಿದ್ರು," ಎಂದಳು.

"ನೋಡತೀಯೇನವ್ವಾ?"

"ನೋಡದ ಬಿಡತೇನೇನ!"

ಹೇಳಲಾಗಲಿಲ್ಲ. ಬುತ್ತಿ ಕಟ್ಟಿಸಿಕೊಂಡು ವಾಪಸ್ಸು ಬಂದೆ.

೨೧ ಜುಲೈ, ಸೋಮವಾರ

ಬಂತು. ಆರೂವರೆಗೆ. ಮಾಲಿಂಗ ಅಂಗಡಿ ಬೇಗ ಮುಚ್ಚಿ ಬಂದಿದ್ದ. ನನ್ನ ಮಾತು ಶುರುವಾದದ್ದೇ, ಹಿಂದಿನಿಂದ ಮಂದಿ ನಗುವ ಸದ್ದು ಸೇರಿಸಿದ್ದಾರೆ. ನನಗೆ ಅದನ್ನು ಯಾರೂ ಹೇಳಿರಲಿಲ್ಲ. "ಏನ್ರಿ, ಬರ್ರಿ, ಕುಂದರ್ರಿ," ಹಾ ಹಾ ಹಾ. ಮಾಲಿಂಗ ನಗಲಿಲ್ಲ. "ಇದರಾಗ ನಗೂದ ಏನೈತಿ? ಕುಂದರ್ರಿ ಅಂದಾಳ," ಎಂದ. ಅವ್ವನ ಫೋನ್ ಬರಬಹುದೆಂದು ಕಾದೆ. ಬರಲಿಲ್ಲ.

೨೪ ಜುಲೈ, ಗುರುವಾರ

ಶಾಲೆಯಲ್ಲಿ ಎಲ್ಲರಿಗೂ ಗೊತ್ತಾಗಿದೆ. ದಾಕ್ಷಾಯಿಣಿ ಪೇಢಾ ತಂದಿದ್ದಳು. ಹೆಡ್‌ಮಾಸ್ಟರು, "ಟೀಚರ್, ನೀವು ಹಂಗೂ ಮಾತಾಡತೀರೇನ್ರಿ!" ಎಂದು ಮೂರು ಸಲ ಕೇಳಿದರು. ಎಂಟನೆಯ ತರಗತಿಯ ಗಂಡುಹುಡುಗರು ಬೋಗುಣಿ ಎಸೆಯುವ ಆಟ ಆಡಿ ಒಂದು ಕಿಟಕಿ ಒಡೆದರು.

ಸತ್ತೆವ್ವ ಇವತ್ತು ತಾನಾಗಿ ಕೈ ಎತ್ತಿದಳು. "ಟೀಚರ್, ನಮ್ಮ ಮಾತು ಟೀವ್ಯಾಗ ಐತ್ರಿ. ನಮ್ಮ ಆಯಿ ಹಂಗ ಮಾತಾಡತಾಳ್ರಿ. ಮತ್ತ ಮಂದಿ ಯಾಕ ನಗತಾರ್ರಿ ಅಲ್ಲಿ?" ಎಂದಳು. ಇಡೀ ಕ್ಲಾಸು ನನ್ನ ಮುಖ ನೋಡಿತು. ಒಳ್ಳೆಯ ಪ್ರಶ್ನೆ, ಉತ್ತರ ಗೊತ್ತಾದಾಗ ಹೇಳುತ್ತೇನೆ ಎಂದೆ. ಆ ಮೇಲೆ ಹುಡುಗಿ ಪದ್ಯವನ್ನು ಗಟ್ಟಿಯಾಗಿ ಓದಿದಳು, ಚೆನ್ನಾಗಿ ಓದಿದಳು.

೨೭ ಜುಲೈ, ರವಿವಾರ

ಕೊನೆಗೂ ಅವ್ವನ ಫೋನು. ನನ್ನ ದನಿ ಎಂದು ಗುರುತು ಹಿಡಿದಿದ್ದಾಳೋ ಇಲ್ಲವೋ ತಿಳಿಯಲಿಲ್ಲ, ಅದರ ಸುದ್ದಿಯನ್ನೇ ತೆಗೆಯಲಿಲ್ಲ.

"ಆ ಕೇತವ್ವಗ ಮನಿ ಇಲ್ಲೇನ?" ಎಂದು ಕೇಳಿದಳು. ಪರದೇಶದ ಹೆಸರು ಅವ್ವ ಯಾವತ್ತು ನೆಟ್ಟಗೆ ಹೇಳಿದ್ದಾಳೆ, ಎನ್ರಿಕೇತಾ ಹೋಗಿ ಕೇತವ್ವ ಆಗಿದ್ದಾಳೆ.

"ಯಾಕವ್ವಾ?"

"ಆರ ದಿನಾ ನೋಡಿದ್ನಿ. ಸಾವಕಾರತಿ ಖೋಲಿ ತೋರಿಸಿದ್ರು, ನಾಯಿ ಮಲಗೂ ಜಾಗಾ ಸೈತ ತೋರಿಸಿದ್ರು. ಈಕಿ ಎಲ್ಲಿ ಮಲಗತಾಳ? ಈಕಿಗೆ ಮಕ್ಕಳಿಲ್ಲೇನ? ಆಕಿ ಕುಂತದ್ದ ನಾ ನೋಡೇ ಇಲ್ಲ. ಕೂಸಿನ ತೊಡಿಮ್ಯಾಲ ಕುಂಡ್ರಿಸಿಕೊಂಡಾಗ ಅಷ್ಟ."

ನಾನು ಮೂವತ್ತೆರಡು ಕಂತಿಗೆ ಧ್ವನಿ ಕೊಟ್ಟಿದ್ದೇನೆ. ಅವಳ ಮನೆ ಬಂದದ್ದು ನೆನಪಿಲ್ಲ. ಕೇಳಿ ಹೇಳುತ್ತೇನೆ ಎಂದೆ. "ಕೇಳ. ಅಷ್ಟ ದೊಡ್ಡ ಮನ್ಯಾಗ ಆಕಿಗೊಂದ ಖೋಲಿ ಇದ್ದ ಇರಬೇಕ," ಎಂದಳು ಅವ್ವ.

೩ ಆಗಸ್ಟ್, ರವಿವಾರ

ಎನ್ರಿಕೇತಾ ಇರುವ ಕೊನೆಯ ಕಂತುಗಳ ರೆಕಾರ್ಡಿಂಗ್. ಎನ್ರಿಕೇತಾಳ ಮೇಲೆ ಉಂಗುರ ಕದ್ದ ಆರೋಪ ಬರುತ್ತದೆ. ಆಮೇಲೆ ಉಂಗುರ ನಾಯಿಯ ಹಾಸಿಗೆಯಲ್ಲಿ ಸಿಗುತ್ತದೆ, ಅಷ್ಟರಲ್ಲಿ ಅವಳನ್ನು ಅವಳ ದೇಶಕ್ಕೆ ಕಳಿಸಿಬಿಟ್ಟಿರುತ್ತಾರೆ. ಮನೆಯವರೆಲ್ಲ ಐದು ನಿಮಿಷ ಅಳುತ್ತಾರೆ. ಮುಂದಿನ ಕಂತಿಗೆ ಹೊಸ ಕೆಲಸದವಳು ಬಾಗಿಲಲ್ಲಿ ನಿಂತಿರುತ್ತಾಳೆ. ಸೊಂಟಕ್ಕೆ ಅದೇ ಬಿಳಿ ಬಟ್ಟೆ.

"ಅವಳಿಗೂ ನೀವೇ ಮಾಡ್ಬಿಡಿ ಮೇಡಂ," ಎಂದಳು ನೇತ್ರಾ. "ಧ್ವನಿ ಬದಲಾಯಿಸೋದೇನೂ ಬೇಡ."

"ಅವಳು ಬೇರೆಯವಳಲ್ಲವೇ? ಇಪ್ಪತ್ತೈದು ವರ್ಷದ ಹುಡುಗಿ. ಬೇರೆ ದೇಶದವಳು ಎಂದು ಇವರೇ ಹೇಳುತ್ತಿದ್ದಾರೆ."

"ಎಲ್ಲಾ ಒಂದೇ ಥರ ಅಲ್ವಾ ಮೇಡಂ? ಲ್ಯಾಟಿನ್ ಕಡೆಯವ್ರು. ನಮ್ಮಲ್ಲಿ ಉತ್ತರ ಕರ್ನಾಟಕ ಅಂದ್ರೆ ಒಂದೇ ಭಾಷೆ ಇದ್ದ ಹಾಗೆ."

ಬಾಳೇಶ ಹೆಡ್‌ಫೋನು ತೆಗೆದು ಕೆಳಗಿಟ್ಟ. ನಾನು ಬೈಯಲಿಲ್ಲ, ಪಾಠ ಮಾಡಿದೆ. ಹುಕ್ಕೇರಿಯವರು ಮರಾಠಿ ಬೆರೆಸಿ ಆಡುವುದನ್ನು ಆಡಿ ತೋರಿಸಿದೆ, ಗೋಕಾಕದ್ದು ಆಡಿದೆ, ಬಾಳೇಶ ತನ್ನ ಹೆಂಡತಿಯ ತವರು ವಿಜಯಪುರದ್ದು ಆಡಿದ. ಅರ್ಧ ತಾಸು. ಪಾಪ, ಹುಡುಗಿ ಪೆನ್ನು ತೆಗೆದುಕೊಂಡು ಬರೆದುಕೊಂಡಳು. ತನ್ನಜ್ಜಿ ಕೋಲಾರದವಳು, ಅರ್ಧ ತೆಲುಗು ಆಡುತ್ತಾಳೆ, ಆಫೀಸಿನಲ್ಲಿ ತಾನು ಆ ಮಾತು ಆಡುವುದೇ ಇಲ್ಲ ಎಂದು ಕೊನೆಗೆ ಸಣ್ಣ ದನಿಯಲ್ಲಿ ಹೇಳಿದಳು. ಆ ಹೊಸ ಹುಡುಗಿಗೆ ಬೇರೆಯವರನ್ನು ಹುಡುಕಿ ಎಂದೆ. ಹಿಂದಿನ ನಗುವ ಸದ್ದನ್ನು ತೆಗೆಯಲು ಆಗುತ್ತದೆಯೇ ಎಂದೂ ಕೇಳಿದೆ. ಅದು ತನ್ನ ಕೈಯಲ್ಲಿಲ್ಲ ಎಂದಳು.

ಹೊರಡುವ ಮುನ್ನ ಎನ್ರಿಕೇತಾಳ ಮನೆಯನ್ನು ಯಾವ ಕಂತಿನಲ್ಲಾದರೂ ತೋರಿಸುತ್ತಾರೆಯೇ ಎಂದು ಕೇಳಿದೆ. ನೇತ್ರಾ ಕಾಗದಗಳನ್ನೆಲ್ಲ ತಿರುವಿಹಾಕಿದಳು. "ಇಲ್ಲ ಮೇಡಂ. ಯಾವ ಕಂತಲ್ಲೂ ಇಲ್ಲ. ನಾನೂ ಗಮನಿಸಿರಲಿಲ್ಲ," ಎಂದಳು.

೧೦ ಆಗಸ್ಟ್, ರವಿವಾರ

ಮಮದಾಪುರ. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಏನಾದರಾಗಲಿ ಎಂದು ಹೋದೆ. ಅವ್ವ ಕಟ್ಟೆಯ ಮೇಲೆ ಶೇಂಗಾ ಬಿಡಿಸುತ್ತ ಕೂತಿದ್ದಳು, ನನಗೂ ಒಂದು ಬೊಗಸೆ ಮುಂದೆ ಸುರಿದಳು. ನಾನು ಒಂದು ಕಾಯಿ ಒಡೆದು, "ಅವ್ವಾ, ಆ ಕೆಲಸದಾಕಿ ದನಿ ನಂದು," ಎಂದೆ.

"ಗೊತ್ತೈತಿ."

"ಯಾವಾಗ ಗೊತ್ತಾತು?"

"ಮೊದಲನೇ ದಿನಾನ. ಹೊಟ್ಟೀಲೆ ಹಡದೇನಿ, ದನಿ ಗೊತ್ತಾಗೂದಿಲ್ಲೇನ? ಅದೂ ನನ್ನ ಮಾತ ಕದ್ದಿ. 'ನಿಂತ ಯಾಕ ಮಾತಾಡ್ತೀರಿ' ಯಾರದ? ನಂದ."

ಕೈಯಲ್ಲಿದ್ದ ಶೇಂಗಾ ಹಾಗೇ ಉಳಿಯಿತು. ಎರಡು ತಿಂಗಳಿಂದ ಹೆದರಿದ್ದು ಇದಕ್ಕೇ. "ಮಂದಿ ನಗತಾರಲ್ಲವ್ವಾ ಅದರಾಗ. ನಿನಗ ಸಿಟ್ಟ ಬರಲಿಲ್ಲೇನ? ಹುಕ್ಕೇರ್ಯಾಗ ನಕ್ಕಂಗ..." ಮುಂದೆ ಆಗಲಿಲ್ಲ, ಅತ್ತುಬಿಟ್ಟೆ.

ಅವ್ವ ಸೆರಗಿನಿಂದ ಕೈ ಒರೆಸಿಕೊಂಡಳು. "ನಗವರು ಯಾರೋ ಹೊರಗಿನವರ ಬಿಡ, ಅವರ ಮಾರಿನ ಕಾಣೂದಿಲ್ಲ. ಮನಿ ಮಂದಿ ಛಲೋ ಅದಾರ. ನಾ ಅದನ್ನ ನೋಡಾಕಂತನ ದಿನಾ ಕುಂದರತೇನಿ."

"ಏನ ಛಲೋ ಅದಾರ? ಕಳ್ಳಿ ಅನ್ನೋರ ಅದಾರ ಅವರು ಮುಂದ."

"ಅದ ಮುಂದಿನ ಮಾತ. ಈಗ ಹೆಂಗ ಕರೀತಾರ ನೋಡ. ಸಾವಕಾರತಿ ಕರೀಲಿ, ಆಕಿ ಗಂಡ ಕರೀಲಿ, 'ಏನ್ರಿ, ಕೇತಾ, ಚಾ ತಾ.' 'ಏನ್ರಿ, ಕೇತಾ, ಬಾಗಲಾ ತಗಿ.' ಆ ಆರ ವರ್ಷದ ಕೂಸ ಸೈತ 'ಏನ್ರಿ' ಅನ್ನದ ಮಾತಾಡಸೂದಿಲ್ಲ. ಮುಸರಿ ತಿಕ್ಕಾಕಿಗೆ!"

ಎನ್ರಿಕೇತಾ. ಏನ್ರಿ, ಕೇತಾ. ಎರಡು ತಿಂಗಳು ಆ ಹೆಸರನ್ನು ಬಾಯಲ್ಲಿ ಇಟ್ಟುಕೊಂಡು ತಿರುಗಾಡಿದ ನನಗೇ ಇದು ಕೇಳಿಸಿರಲಿಲ್ಲ.

"ನಾ ಹುಕ್ಕೇರ್ಯಾಗ ಇಪ್ಪತ್ತೆರಡ ವರ್ಷ ದುಡದ್ನಿ," ಎಂದಳು ಅವ್ವ. ಸಿಟ್ಟೇನೂ ಇರಲಿಲ್ಲ ಅವಳ ದನಿಯಲ್ಲಿ, ಲೆಕ್ಕ ಹೇಳಿದ ಹಾಗೆ ಹೇಳಿದಳು. "ಉಣ್ಣಾಕ ಕೊಟ್ರು, ನಿನಗ ಸಾಲಿ ಕಲಿಸಿದ್ರು, ಹೌದ. ಆದ್ರ ಒಂದ ದಿನಾ ಯಾರರೆ 'ಏನ್ರಿ ಶೆಟ್ಟೆವ್ವ' ಅಂದಾರೇನ? ಏ ಶೆಟ್ಟಿ, ಬಾ ಶೆಟ್ಟಿ, ಅಷ್ಟ. ನಾನು ನೂರ ಸಲ ರಿ ಅಂದ್ನಿ, ಒಂದರೆ ತಿರಗಿ ಬರಲಿಲ್ಲ." ಆಮೇಲೆ ಕೇಳಿದಳು, "ಖರೆ ಹೇಳ ಕಸ್ತೂರಿ. ಆ ಮಗ್ಗಲ ಮನಿ ಪರಪ್ಪನ ಹೇಣತಿ ಯಲ್ಲವ್ವ, ಅದು ಸುಳ್ಳ, ನಿನಗ ಕಿವಿ ಕೇಳಸೂದಿಲ್ಲ ಅಂತಾಳ. ಆ ದೇಶದಾಗ ಕೆಲಸದಾಕಿಗೆ ಏನ್ರಿ ಅಂತಾರೋ ಇಲ್ಲೋ?"

ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

"ಅಂತಾರವ್ವಾ," ಎಂದೆ. "ಎಲ್ಲಾರೂ ಅಂತಾರ."

ಅವ್ವ ಎದ್ದಳು. ಗೋಡೆಯ ಹತ್ತಿರ ಹೋಗಿ ಆಚೆಯ ಅಂಗಳಕ್ಕೆ ಕೂಗಿದಳು: "ಏ ಯಲ್ಲವ್ವಾ! ಕೇಳಿದೇನ? ಅಂತಾರಂತ! ನನ್ನ ಮಗಳ ಹೇಳ್ಯಾಳ. ಆಕಿ ಕನ್ನಡ ಟೀಚರ್ ಅದಾಳ, ಆಕಿ ಮಾತಿನ್ಯಾಗ ತಪ್ಪ ಇರೂದಿಲ್ಲ."